ಚಕ್ಕುಬಂದಿ

ಸಿ ಡ್ರೈವ್ ತುಂಬಿ ಕೆಂಪಗಾಗಿ ಮೂರು ದಿನ.
ಕ್ರಯಪತ್ರವೊಂದು ಅರ್ಧಕ್ಕೆ ನಿಂತಿದೆ,
ನುಡಿಯಲ್ಲಿ ಒತ್ತಕ್ಷರ ಕೂಡ ಮೂಡುತ್ತಿಲ್ಲ.
ಕೆಂಗೇರಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು
ಆರಡಿ ಅಗಲದ ನನ್ನ ಮಳಿಗೆಗೆ
ಎಸ್.ಪಿ. ರೋಡಿಂದ, ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ ಬಂದಳು ಮುಬೀನಾ,
ಟಿಫಿನ್ ಡಬ್ಬಿಯಲ್ಲಿ ಸ್ಕ್ರೂ, ಕೊರಳಲ್ಲಿ ಪೆನ್‌ಡ್ರೈವ್.

"ಪಾರ್ಟಿಷನ್ ಸರಿ ಮಾಡ್ಬೇಕು ಅಂಕಲ್" ಅಂದಳು.
ನಕ್ಕೆ. ಮೂವತ್ತೊಂದು ವರ್ಷ ಅದನ್ನೇ ಬರೆದವನಮ್ಮ ನಾನು.
ಪಾಲುಪಟ್ಟಿ, ವಿಭಾಗಪತ್ರ, ಹಕ್ಕುಖುಲಾಸೆ.
ಸದರಿ ಸ್ವತ್ತಿಗೆ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ ಅಣ್ಣನ ಭಾಗ,
ದಕ್ಷಿಣಕ್ಕೆ ತಮ್ಮನ ಮುನಿಸು.

ಪರದೆಯ ಮೇಲಿನ ಉದ್ದನೆ ಪಟ್ಟಿಗೆ ಬೆರಳಿಟ್ಟು ತೋರಿಸಿದಳು.
ಎಡಕ್ಕೆ ಸಿ, ಉಸಿರು ಕಟ್ಟಿದ ಅರವತ್ತು ಜಿಬಿ.
ಬಲಕ್ಕೆ ಡಿ, ನಾನೂರು, ಅರ್ಧಕ್ಕರ್ಧ ಬೀಳು.
ನಡುವೆ ಉಗುರಿನಷ್ಟು, ಹೆಸರಿಲ್ಲದ ತುಂಡು.
"ರಿಕವರಿ. ಅಳಿಸಂಗಿಲ್ಲ."
ಖರಾಬು ಅನ್ನು, ಅಂದೆ.
ಅವಳಿಗೆ ಅರ್ಥವಾಗಲಿಲ್ಲ; ತಲೆಯಂತೂ ಆಡಿಸಿದಳು.

"ಡಿಯಲ್ಲಿ ಜಾಗ ಇದೆ, ಸರಿ. ಬಿಡಿಸಿಕೊಂಡ್ರೆ ಬರೋದು ಬಲತುದೀಲಿ.
ಸಿಗೆ ಬೇಕಾಗಿರೋದು ಮಗ್ಗುಲಲ್ಲೇ.
ಅಂಟಿಕೊಂಡಿರದ ಜಾಗ ಎಷ್ಟಿದ್ರೇನು?"
ಇದು ನನಗೆ ಗೊತ್ತಿದ್ದ ಮಾತು.

ಹಾಗಾಗಿ ಡಿಯನ್ನು ಇಡಿಯಾಗಿ ಜರುಗಿಸಬೇಕು
ಒಳಗಿನದೊಂದೂ ಅಲುಗದಂತೆ. ಅಲ್ಲ,
ಎಲ್ಲವೂ ಅಲುಗಿ, ಒಂದೂ ಕಳೆಯದಂತೆ.
ಮೊದಲು ನಕಲು. ಹೊರಗಿನ ಡಿಸ್ಕಿಗೆ ಎಲ್ಲ ಇಳಿಸಿದಳು,
ಇಳಿದದ್ದು ತೆರೆಯುತ್ತದೋ ಅಂತ ನಾಲ್ಕು ಕಡತ ತೆರೆದು ನೋಡಿದಳು,
ಆಮೇಲೆ ಕೇಳಿದಳು, "ಯುಪಿಎಸ್ ಎಲ್ಲಿ?"
ಇಲ್ಲ.
"ಮಧ್ಯ ಕರೆಂಟ್ ಹೋದ್ರೆ ಅಲ್ಲೂ ಇಲ್ಲ ಇಲ್ಲೂ ಇಲ್ಲ ಅಂಕಲ್."
ಪಕ್ಕದ ಜೆರಾಕ್ಸ್ ಅಂಗಡಿಯ ದೊಡ್ಡನರಸಮ್ಮ
ಗೊಣಗುತ್ತಲೇ ತನ್ನದನ್ನು ಹೊತ್ತು ತಂದಿಟ್ಟಳು,
ನೂರು ರೂಪಾಯಿ, ಎರಡು ಕಾಫಿಯ ಕರಾರಿಗೆ.

ಶೇಕಡಾ ನಾಲ್ಕು. ಇನ್ನೂ ನಾಲ್ಕು. ಏಳು.
ಖರಾಬು ಕೂಡ ಮೆಲ್ಲಗೆ ಬಲಕ್ಕೆ ಸರಿಯಿತು!
ನನ್ನ ಕಸುಬಿನಲ್ಲಿ ಅದು ಗೇಣು ಬಿಟ್ಟುಕೊಟ್ಟದ್ದಿಲ್ಲ.

ಹನ್ನೊಂದರ ಹತ್ತಿರ ತುಂಬ ಹೊತ್ತು ನಿಂತಾಗ
ನೆನಪಾದಳು ಉಲ್ಲಾಳದ ಚಿಕ್ಕಹೊನ್ನಮ್ಮ.
ಅಣ್ಣಂದಿರಿಬ್ಬರಿಗೆ ಇಪ್ಪತ್ತು ಮೂವತ್ತರ ಒಂದೊಂದು ತುಂಡು,
ಅವಳಿಗೆ ಅರಿಶಿನ ಕುಂಕುಮದ ಬಾಬ್ತು ಐವತ್ತು ಸಾವಿರ.
"ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ"
ಎಂಬ ಸಾಲನ್ನು ನಾನು ಒಂದೇ ಗುಂಡಿ ಒತ್ತಿದರೆ
ತಾನೇ ಬೀಳುವ ಹಾಗೆ ಇಟ್ಟುಕೊಂಡಿದ್ದೆ.
ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಅವಳು,
"ಒರಳುಕಲ್ಲು ಯಾರ ಪಾಲಿಗೆ ಬಂತು ಸ್ವಾಮಿ?"
ಷೆಡ್ಯೂಲಿನಲ್ಲಿ ಒರಳು ಇರಲಿಲ್ಲ.
ಅಣ್ಣಂದಿರು ಗೋಡೆ ನೋಡಿದರು.
ಒತ್ತಮ್ಮ, ಹೊತ್ತಾಯ್ತು, ಅಂದವನು ನಾನೇ.

ಎರಡು ಸಲ ಕರೆಂಟು ಹೋಗಿ ಬಂತು.
ದೊಡ್ಡನರಸಮ್ಮನ ಡಬ್ಬಿ ಕೀಚ್ ಕೀಚ್ ಎಂದು
ಹೇಗೋ ತಡೆದುಕೊಂಡಿತು.

ಐದೂಕಾಲಿಗೆ ನೂರು.
ಸಿಗೆ ಈಗ ನೂರೈವತ್ತು; ಕೆಂಪು ಹೋಗಿ ನೀಲಿ.
"ಡಿಯಿಂದ ಒಂದು ತೆಗೀರಿ, ಯಾವ್ದಾದ್ರೂ ಹಳೇದು."
ಬೆರಳು ತಾನೇ ಹೋಯಿತು. ತೆರೆಯಿತು.
ಒಂದು ದೀರ್ಘ, ಒಂದು ಸೊನ್ನೆ ಅತ್ತಿತ್ತ ಇಲ್ಲ,
ನನ್ನ ಕಾಗುಣಿತದ ತಪ್ಪು ಕೂಡ ಇಟ್ಟಲ್ಲೇ ಇದೆ.
ಮೂರನೇ ಪುಟದ ಬುಡದಲ್ಲಿ
"ಚಿಕ್ಕಹೊನ್ನಮ್ಮ, ಎಡಗೈ ಹೆಬ್ಬೆಟ್ಟು" ಎಂಬುದರ ಮುಂದೆ
ಎರಡಂಗುಲ ಬಿಳಿ.
ಮಸಿ ಬಿದ್ದದ್ದು ಕಾಗದದ ಮೇಲೆ.
ಇಲ್ಲಿ ಅವಳು ಇನ್ನೂ ಒತ್ತಿಲ್ಲ.

"ಏನೂ ಹೋಗಿಲ್ಲ ಅಲ್ವಾ?" ಮುಬೀನಾ ಕೇಳಿದಳು,
ಸ್ಕ್ರೂಗಳನ್ನು ಡಬ್ಬಿಗೆ ಎಣಿಸಿ ಹಾಕುತ್ತ.
ಇಲ್ಲಮ್ಮ, ಅಂದೆ.
ಬಾಗಿಲಲ್ಲಿ ದೊಡ್ಡನರಸಮ್ಮ
ಎರಡನೇ ಕಾಫಿ ಎಲ್ಲಿ ಅನ್ನುತ್ತಿದ್ದಳು.